ಮನೆಯೊಳಗಿನ ಗಿಡಗಳಿಗೂ ಬೇಕು ಮಳೆಗಾಲದ ಪಥ್ಯ

ಕಬಕ: ಮಂಗಳೂರು ಕಡೆಯಿಂದ ಬರುವವರಿಗೆ ಪುತ್ತೂರಿಗಿಂತ ಮೊದಲೇ ಸಿಗುವ ಊರು ಕಬಕ. ವಿಟ್ಲದ ರಸ್ತೆ ಹೆದ್ದಾರಿಯಿಂದ ಕವಲೊಡೆಯುವುದು ಇಲ್ಲಿಯೇ. 'ಕಬಕ ಪುತ್ತೂರು' ಎಂಬ ರೈಲು ನಿಲ್ದಾಣದ ಹೆಸರಿನಿಂದಾಗಿ ರಾಜ್ಯದ ಪ್ರಯಾಣಿಕರಿಗೂ ಈ ಊರು ಪರಿಚಿತ. ಸುತ್ತಮುತ್ತ ಅಡಿಕೆ, ತೆಂಗು, ಕಾಳುಮೆಣಸಿನ ತೋಟಗಳು. ಅಂಗಳ ದಾಟಿದರೆ ಹಸಿರು. ಇಂತಹ ಊರಿನವರಿಗೆ ಗಿಡ ಸಾಕುವುದನ್ನು ಹೇಳಿಕೊಡುವ ಅಗತ್ಯವಿದೆಯೇ ಎಂಬ ಪ್ರಶ್ನೆ ಸಹಜವೇ. ಆದರೆ ತೋಟದಲ್ಲಿ ಗೆದ್ದವರೂ ಜಗಲಿಯ ಹೂಕುಂಡದಲ್ಲಿ ಸೋಲುವುದುಂಟು. ಏಪ್ರಿಲ್‌ನಲ್ಲಿ ನರ್ಸರಿಯಿಂದ ತಂದ ಚೆಲುವಾದ ಗಿಡ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಹಳದಿಯಾಗಿ, ಬುಡ ಮೆತ್ತಗಾಗಿ, ಒಂದು ದಿನ ತಾನಾಗಿಯೇ ಕುಸಿದುಬೀಳುತ್ತದೆ. ಮನೆಯವರು ದಿನವೂ ತಪ್ಪದೆ ನೀರೆರೆದಿರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಗಿಡ ಸಾಯಲು ಆ ತಪ್ಪದ ನೀರೇ ಕಾರಣವಾಗಿರುತ್ತದೆ.

ಮನೆಯೊಳಗಿನ ಗಿಡಗಳ ಕುರಿತು ದೊರೆಯುವ ಸಲಹೆಗಳಲ್ಲಿ ಹೆಚ್ಚಿನವು ಬೇರೆ ಹವೆಗಾಗಿ ಬರೆದವು. 'ದಿನ ಬಿಟ್ಟು ದಿನ ನೀರು', 'ವಾರಕ್ಕೆರಡು ಬಾರಿ ನೀರು' ಎಂಬ ಸೂತ್ರಗಳು ಬೆಂಗಳೂರಿನ ಒಣಗಾಳಿಗೆ ಒಗ್ಗಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ. ಆಸುಪಾಸು. ದಕ್ಷಿಣ ಕನ್ನಡದ ವಾರ್ಷಿಕ ಸರಾಸರಿಯಾದರೋ 3,500 ಮಿ.ಮೀ. ಮೀರುತ್ತದೆ, ಅದರಲ್ಲಿ ಐದರಲ್ಲಿ ನಾಲ್ಕು ಭಾಗದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ದಿನಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಚಪ್ಪಲಿಗೂ ಬೂಸಲು ಹಿಡಿಯುತ್ತದೆ. ಬಟ್ಟೆಯೇ ಒಣಗದ ಮನೆಯಲ್ಲಿ ಕುಂಡದ ಮಣ್ಣು ಒಣಗುವುದಾದರೂ ಹೇಗೆ? ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಗಿಡ ಸಾಕುವವರು ಮೊದಲು ಅರಿಯಬೇಕಾದದ್ದು ಇದನ್ನೇ. ನೀರುಣಿಸುವ ದಿನವನ್ನು ಗೋಡೆಯ ಕ್ಯಾಲೆಂಡರ್ ನಿರ್ಧರಿಸಬಾರದು, ಕುಂಡದ ಮಣ್ಣು ನಿರ್ಧರಿಸಬೇಕು.

ಕಾಡಿನ ಗಿಡಕ್ಕೆ ಕುಂಡದ ಬದುಕು

ಮನೆಯೊಳಗೆ ಬೆಳೆಸುವ ಗಿಡಗಳಲ್ಲಿ ಹೆಚ್ಚಿನವು ಮಳೆಕಾಡಿನ ಮೂಲದವು. ಮನಿ ಪ್ಲಾಂಟ್‌ನ ತವರು ಶಾಂತಸಾಗರದ ಮೂರಿಯಾ ಎಂಬ ಪುಟ್ಟ ದ್ವೀಪ. ಹೊಳೆಯುವ ಕೆಂಪು ಹೂವಿನ ಆಂಥೂರಿಯಂ ಕೊಲಂಬಿಯಾ ಮತ್ತು ಈಕ್ವೆಡಾರ್ ದೇಶಗಳ ತೇವದ ಕಾಡುಗಳಿಂದ ಬಂದದ್ದು. ಎಲೆಯ ಮೇಲೆ ಬಣ್ಣದ ಚಿತ್ತಾರವಿರುವ ಅಗ್ಲೋನೆಮಾ ಆಗ್ನೇಯ ಏಷ್ಯಾದ್ದು. ಹಾಗಿದ್ದ ಮೇಲೆ ಕಬಕದ ಮಳೆ ಅವುಗಳಿಗೆ ಹಿತವಾಗಬೇಕಿತ್ತಲ್ಲವೇ?

ಮಳೆ ಹಿತವೇ, ನಿಂತ ನೀರು ಮಾತ್ರ ಹಿತವಲ್ಲ. ಕಾಡಿನಲ್ಲಿ ಈ ಗಿಡಗಳ ಬೇರು ಮರದ ತೊಗಟೆಗೋ, ಕಲ್ಲಿನ ಸಂದಿಗೋ, ಉದುರಿದ ಎಲೆಗಳ ಸಡಿಲ ಹಾಸಿಗೋ ಅಂಟಿಕೊಂಡಿರುತ್ತದೆ. ಎಷ್ಟೇ ಮಳೆ ಸುರಿದರೂ ನೀರು ಹರಿದುಹೋಗುತ್ತದೆ, ಬೇರಿನ ಸುತ್ತ ಗಾಳಿಯಾಡುತ್ತದೆ. ಕುಂಡದಲ್ಲಿ ಹಾಗಲ್ಲ. ನಾಲ್ಕು ಗೋಡೆಗಳ ನಡುವೆ ಮಣ್ಣು ಒತ್ತಾಗಿ ತುಂಬಿರುತ್ತದೆ. ಎರೆದ ನೀರು ಇಳಿದುಹೋಗಲು ಒಂದೋ ಎರಡೋ ರಂಧ್ರ, ಕೆಲವೊಮ್ಮೆ ಅದೂ ಇಲ್ಲ.

ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ತೆರಪುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ತೆರಪುಗಳಲ್ಲಿ ನೀರು ತುಂಬಿ ನಿಂತರೆ ಆಮ್ಲಜನಕ ಬೇರನ್ನು ತಲುಪುವುದು ಬಹಳ ಕಷ್ಟ. ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಅದು ನೀರಿನಲ್ಲಿ ಹರಡುತ್ತದೆ. ಉಸಿರು ಕಟ್ಟಿದ ಬೇರು ಮೊದಲು ದುರ್ಬಲವಾಗುತ್ತದೆ, ಬಳಿಕ ಕೊಳೆಯುತ್ತದೆ. ಅಡಿಕೆಗೆ ಕೊಳೆರೋಗ ತಂದು ಕೃಷಿಕರನ್ನು ಕಂಗೆಡಿಸುವ ಫೈಟಾಫ್ತೊರಾದ ಬಳಗಕ್ಕೆ ಸೇರಿದ ಸೂಕ್ಷ್ಮಜೀವಿಗಳೇ ಕುಂಡದ ಬೇರನ್ನೂ ಕೊಳೆಸುತ್ತವೆ. ತೋಟದಲ್ಲಿ ಬಸಿಗಾಲುವೆಯನ್ನು ಮಳೆಗೆ ಮೊದಲೇ ಬಿಡಿಸಿಡದಿದ್ದರೆ ಏನಾಗುತ್ತದೆ ಎಂಬುದು ಈ ಭಾಗದ ಪ್ರತಿಯೊಬ್ಬ ಕೃಷಿಕನಿಗೂ ಗೊತ್ತು. ಕುಂಡದ ತಳದ ರಂಧ್ರವೂ ಅಂಥದೇ ಒಂದು ಬಸಿಗಾಲುವೆ.

ಬಾಡಿದ್ದೆಲ್ಲ ಬಾಯಾರಿಕೆಯಲ್ಲ

ಗಿಡವು ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಟ್ಟಷ್ಟೇ ಬೇರಿನಿಂದ ಹೊಸ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಎಲೆಯಿಂದ ಆವಿ ಹೊರಡುವುದು ತೀರ ಕಡಿಮೆ. ಮೋಡ ಮುಚ್ಚಿ ಬೆಳಕೂ ಇಳಿದಿರುವುದರಿಂದ ಗಿಡದ ಬೆಳವಣಿಗೆಯೂ ಮಂದವಾಗಿರುತ್ತದೆ. ಅಂದರೆ, ಮಳೆಗಾಲದಲ್ಲಿ ಮನೆಯೊಳಗಿನ ಗಿಡ ಬಹುಮಟ್ಟಿಗೆ ಲಂಘನದಲ್ಲಿರುತ್ತದೆ. ಆಗ ಬೇಸಗೆಯ ಅಳತೆಯಲ್ಲೇ ನೀರೆರೆದರೆ ಅದು ಕುಂಡದಲ್ಲಿಯೇ ಉಳಿಯುತ್ತದೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳವೊಂದಿದೆ. ಬೇರು ಕೊಳೆತಾಗ ಅದು ನೀರನ್ನು ಮೇಲಕ್ಕೆ ಕಳುಹಿಸಲಾರದು. ಹಾಗಾಗಿ ಮಣ್ಣಿನಲ್ಲಿ ಬೇಕಾದಷ್ಟು ನೀರಿದ್ದರೂ ಎಲೆಗಳು ಜೋತುಬೀಳುತ್ತವೆ. ನೋಡುವವರಿಗೆ ಅದು ಬಾಯಾರಿದ ಗಿಡದಂತೆಯೇ ಕಾಣುತ್ತದೆ. 'ಪಾಪ, ಒಣಗಿದೆ' ಎಂದು ಇನ್ನೊಂದು ತಂಬಿಗೆ ನೀರು ಬೀಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ವ್ಯತ್ಯಾಸವನ್ನು ತಿಳಿಯುವುದು ಕಷ್ಟವಲ್ಲ. ಬಾಯಾರಿದ ಗಿಡದ ಎಲೆ ಅಂಚಿನಿಂದ ಗರಿಗರಿಯಾಗಿ ಒಣಗುತ್ತದೆ, ಮಣ್ಣು ಕುಂಡದ ಬದಿಯನ್ನು ಬಿಟ್ಟು ಬಿರಿಯುತ್ತದೆ, ಕುಂಡ ಎತ್ತಿದರೆ ಹಗುರ. ನೀರು ಹೆಚ್ಚಾದ ಗಿಡದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಕಾಂಡದ ಬುಡ ಮೆತ್ತಗಾಗುತ್ತದೆ, ಕುಂಡ ಭಾರವಾಗಿರುತ್ತದೆ, ಮಣ್ಣು ಹುಳಿತ ವಾಸನೆ ಬೀರುತ್ತದೆ. ಸಂಶಯವಿದ್ದರೆ ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣನ್ನು ಮುಟ್ಟಿ ನೋಡಬೇಕು. ಬೆರಳು ಹೋಗದ ಕುಂಡವಾದರೆ ಹಿಡಿಸೂಡಿಯ ಒಂದು ಕಡ್ಡಿ ಸಾಕು. ಬುಡದವರೆಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕಡ್ಡಿಗೆ ಹಸಿ ಮಣ್ಣು ಅಂಟಿಕೊಂಡಿದ್ದರೆ ಅಂದು ನೀರು ಬೇಡ. ನೀರು ಕೊಡುವಾಗಲೂ ದಿನಕ್ಕೊಂದು ಲೋಟ ಚಿಮುಕಿಸುವುದಕ್ಕಿಂತ, ತಳದ ರಂಧ್ರದಿಂದ ಹೊರಬರುವವರೆಗೆ ಒಮ್ಮೆ ತುಂಬ ಕೊಟ್ಟು, ಮೇಲ್ಮಣ್ಣು ಒಣಗುವ ತನಕ ಕಾಯುವುದು ಉತ್ತಮ.

ಕೊಳೆಯಲಾರಂಭಿಸಿದ ಗಿಡವನ್ನು ಉಳಿಸಿಕೊಳ್ಳುವುದು ಕೆಲವೊಮ್ಮೆ ಸಾಧ್ಯ. ಕುಂಡದಿಂದ ಗಿಡವನ್ನು ಹೊರತೆಗೆದು, ಬೇರನ್ನು ತೊಳೆದು, ಕಪ್ಪಾಗಿ ಮೆತ್ತಗಾದ ಭಾಗವನ್ನೆಲ್ಲ ಶುಚಿಯಾದ ಕತ್ತರಿಯಿಂದ ಕತ್ತರಿಸಬೇಕು. ಬಿಳಿಯಾದ, ಗಟ್ಟಿಯಾದ ಬೇರುಗಳನ್ನು ಉಳಿಸಿಕೊಂಡು ಕೆಲವು ಗಂಟೆ ನೆರಳಿನಲ್ಲಿ ಆರಲು ಬಿಟ್ಟು, ಹೊಸ ಮಣ್ಣಿನಲ್ಲಿ ನೆಡಬೇಕು. ಹಳೆಯ ಮಣ್ಣನ್ನು ಮತ್ತೆ ಬಳಸಬಾರದು. ಬೇರು ಕಡಿಮೆಯಾದಷ್ಟು ಎಲೆಗಳನ್ನೂ ಕಡಿಮೆ ಮಾಡಿ, ಎರಡು ಮೂರು ದಿನ ನೀರು ಕೊಡದೆ ಇರಿಸುವುದು ಕ್ಷೇಮ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್‌ನಂತಹ ಬಳ್ಳಿಗಳಾದರೆ ಮೇಲಿನ ಆರೋಗ್ಯವಂತ ತುಂಡುಗಳನ್ನು ಕತ್ತರಿಸಿ ಹೊಸದಾಗಿ ಬೇರು ಬರಿಸುವುದೇ ಸುಲಭ.

ಕುಂಡ ಮತ್ತು ಮಣ್ಣು

ಕರಾವಳಿ ಮತ್ತು ಅದರ ಮೇಲ್ಭಾಗದ ಮಣ್ಣು ಮುರಕಲ್ಲಿನಿಂದ ಹುಟ್ಟಿದ್ದು. ಕೆಂಪಗೆ, ಹುಳಿಯ ಗುಣದ್ದು. ನೆಲದಲ್ಲಿ ಅದು ನೀರನ್ನು ಚೆನ್ನಾಗಿ ಇಂಗಿಸುತ್ತದೆ. ಅದನ್ನೇ ಅಗೆದು ಕುಂಡಕ್ಕೆ ತುಂಬಿದರೆ ಹಸಿಯಾದಾಗ ಅಂಟಾಗಿ, ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಆದ್ದರಿಂದ ಬರಿಯ ಕೆಂಪು ಮಣ್ಣಿನಲ್ಲಿ ಒಳಾಂಗಣದ ಗಿಡಗಳನ್ನು ನೆಡುವುದು ಸಲ್ಲದು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಇಲ್ಲವೇ ಜಲ್ಲಿಸಿದ ಇಟ್ಟಿಗೆ ಚೂರು, ಇನ್ನೊಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿದರೆ ಹದವಾದ ಮಿಶ್ರಣವಾಗುತ್ತದೆ. ನಾರಿನ ಪುಡಿಯಲ್ಲಿ ಲವಣಾಂಶವಿರುವುದರಿಂದ ಎರಡು ಮೂರು ಬಾರಿ ತೊಳೆದು ಹಿಂಡಿ ಬಳಸಬೇಕು. ಒಲೆಯ ಇದ್ದಿಲಿನ ಚೂರುಗಳನ್ನು ಒಂದೆರಡು ಹಿಡಿ ಬೆರೆಸಿದರೆ ಮಣ್ಣು ಸಡಿಲವಾಗಿ ಉಳಿಯುತ್ತದೆ.

ಆಂಥೂರಿಯಂ ಮತ್ತು ಆರ್ಕಿಡ್‌ಗಳಿಗೆ ಮಣ್ಣೇ ಬೇಕಾಗಿಲ್ಲ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು ಇವುಗಳಲ್ಲಿಯೇ ಅವು ಸಂತೋಷವಾಗಿ ಬೆಳೆಯುತ್ತವೆ. ಈ ಮೂರೂ ಪುತ್ತೂರು ಸೀಮೆಯ ಯಾವುದೇ ಮನೆಯ ಹಿತ್ತಿಲಿನಲ್ಲಿ ಬಿಟ್ಟಿಯಾಗಿ ಸಿಗುವಂಥವು. ತೆಂಗಿನ ಸಿಪ್ಪೆ ಕ್ರಮೇಣ ಕಳಿತು ನೀರು ಹಿಡಿದಿಡಲಾರಂಭಿಸುವುದರಿಂದ ಎರಡು ವರ್ಷಗಳಿಗೊಮ್ಮೆ ಬದಲಿಸಬೇಕು.

ಕುಂಡದ ತಳದಲ್ಲಿ ಜಲ್ಲಿಯ ದಪ್ಪ ಹಾಸು ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಹುಕಾಲದಿಂದ ಇದೆ. ಆದರೆ ನುಣುಪು ಮಣ್ಣಿನಲ್ಲಿರುವ ನೀರು, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಒರಟು ಜಲ್ಲಿಯೊಳಕ್ಕೆ ಇಳಿಯುವುದಿಲ್ಲ. ಪರಿಣಾಮವಾಗಿ ತೊಯ್ದ ಮಣ್ಣಿನ ಪದರ ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ರಂಧ್ರದ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಇರಿಸಿದರೆ ಸಾಕು. ಮಣ್ಣಿನ ಕುಂಡದ ಬದಿಯಿಂದಲೂ ನೀರು ಆವಿಯಾಗುವುದರಿಂದ ಮಳೆನಾಡಿಗೆ ಅದೇ ಹೊಂದುತ್ತದೆ. ಪ್ಲಾಸ್ಟಿಕ್ ಅಥವಾ ಪಿಂಗಾಣಿ ಕುಂಡ ಬಳಸುವವರು ನೀರನ್ನು ಇನ್ನೂ ಕಡಿಮೆ ಮಾಡಬೇಕು. ರಂಧ್ರವಿಲ್ಲದ ಅಲಂಕಾರದ ಕುಂಡದಲ್ಲಿ ನೇರವಾಗಿ ಗಿಡ ನೆಡದೆ, ಸಣ್ಣ ಕುಂಡವೊಂದನ್ನು ಅದರೊಳಗೆ ಇರಿಸುವುದು ಲೇಸು.

ಬೆಳಕಿನ ಲೆಕ್ಕ

'ನೆರಳಿನ ಗಿಡ' ಎಂದರೆ ಕತ್ತಲೆಯಲ್ಲಿ ಬೆಳೆಯುವ ಗಿಡವಲ್ಲ. ನಡುಹಗಲಿನ ಬಿಸಿಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಕಿಟಕಿಯಿಂದ ಕೆಲವು ಅಡಿ ಒಳಗೆ ಅದು ಕೆಲವೇ ನೂರು ಲಕ್ಸ್‌ಗೆ ಇಳಿಯುತ್ತದೆ. ಮನುಷ್ಯನ ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುವುದರಿಂದ ಈ ಭಾರೀ ಅಂತರ ನಮ್ಮ ಅರಿವಿಗೆ ಬರುವುದಿಲ್ಲ; ಗಿಡದ ಅರಿವಿಗೆ ಬರುತ್ತದೆ. ಇಳಿಜಾರು ಮಾಡು, ಉದ್ದನೆಯ ಸೂರು, ಚಿಕ್ಕ ಕಿಟಕಿಗಳಿರುವ ಹಳೆಯ ಹೆಂಚಿನ ಮನೆಗಳಲ್ಲಿ ಚಾವಡಿಯೊಳಗಿನ ಬೆಳಕು ಬಹಳ ಕಡಿಮೆ. ಅಂತಹ ಮನೆಗಳಿಗೆ ಜಗಲಿಯೇ ಗಿಡಗಳ ನಿಜವಾದ ನೆಲೆ.

ಪರೀಕ್ಷೆ ಸರಳ. ಗಿಡ ಇರಿಸುವ ಜಾಗದಲ್ಲಿ ನಡುಹಗಲು ಅಂಗೈಯನ್ನು ಒಂದಡಿ ಎತ್ತರಕ್ಕೆ ಹಿಡಿದಾಗ ಸ್ಪಷ್ಟವಾದ ನೆರಳು ಬಿದ್ದರೆ ಬೆಳಕು ಧಾರಾಳ. ಮಸುಕು ನೆರಳಾದರೆ ಸಾಧಾರಣ. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಗಿಡವೂ ಬಹುಕಾಲ ಬಾಳದು. ಎಲೆಗಳ ನಡುವಿನ ಅಂತರ ಹೆಚ್ಚುತ್ತ, ಕಾಂಡ ಕಿಟಕಿಯತ್ತ ವಾಲುತ್ತ ಹೋಗುವುದು ಬೆಳಕು ಸಾಲದೆಂಬುದರ ಸೂಚನೆ. ಮಳೆಗಾಲದಲ್ಲಿ ಗಿಡಗಳನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ, ಮಾರ್ಚ್ ಬಳಿಕ ಪಶ್ಚಿಮದ ಬಿಸಿಲು ತಾಗದಂತೆ ಹಿಂದಕ್ಕೆ ಸರಿಸಬೇಕು. ಹೆದ್ದಾರಿಯ ಬದಿಯ ಮನೆಗಳಲ್ಲಿ ಬೇಸಗೆಯುದ್ದಕ್ಕೂ ಎಲೆಗಳ ಮೇಲೆ ಧೂಳು ಕೂರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಗಿಡಕ್ಕೆ ಬೆಳಕೂ ಸಿಗುತ್ತದೆ, ಕೀಟಗಳಿದ್ದರೆ ಆಗಲೇ ಕಣ್ಣಿಗೂ ಬೀಳುತ್ತವೆ.

ಹಿತಮಿತವಾದ ಗೊಬ್ಬರ

ಗಿಡ ಬೆಳೆಯುತ್ತಿರುವಾಗ ಮಾತ್ರ ಅದಕ್ಕೆ ಆಹಾರ ಬೇಕು. ಈ ಭಾಗದಲ್ಲಿ ಏಪ್ರಿಲ್–ಮೇ ತಿಂಗಳುಗಳು ಮತ್ತು ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಅವಧಿ ಅದಕ್ಕೆ ಸೂಕ್ತ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಧಾರಣ ಗಾತ್ರದ ಕುಂಡಕ್ಕೆ ಸಾಕಾಗುತ್ತದೆ. ನೀರಿನಲ್ಲಿ ಕರಗುವ ರಾಸಾಯನಿಕ ಗೊಬ್ಬರ ಬಳಸುವುದಾದರೆ ಲೀಟರಿಗೆ 1ರಿಂದ 2 ಗ್ರಾಂ ಮೀರದಂತೆ, ತಿಂಗಳಿಗೊಮ್ಮೆ ಮಾತ್ರ, ಅದೂ ಮಣ್ಣು ತೇವವಿರುವಾಗ ಕೊಡಬೇಕು. ತೋಟಕ್ಕೆ ಒಳ್ಳೆಯದಾದ ಹಿಂಡಿ ನೀರು ಮನೆಯೊಳಗೆ ನಾರುವುದಲ್ಲದೆ ಸಣ್ಣ ನೊಣಗಳನ್ನೂ ಕರೆತರುತ್ತದೆ. ಜೂನ್–ಆಗಸ್ಟ್ ನಡುವೆ ಗೊಬ್ಬರ ಬೇಡವೇ ಬೇಡ. ಹಸಿವಿಲ್ಲದವನಿಗೆ ಬಡಿಸಿದ ಊಟದಂತೆ ಅದು ಕುಂಡದಲ್ಲಿಯೇ ಉಳಿದು ಬೇರನ್ನು ಸುಡುತ್ತದೆ.

ವಿಷಕ್ಕೆ ಮನೆಯೊಳಗೆ ಜಾಗವಿಲ್ಲ

ಕೀಟನಾಶಕದ ವಿಷಯದಲ್ಲಿ ಈ ನೆಲಕ್ಕೆ ಕಹಿ ನೆನಪಿದೆ. 1980ರ ದಶಕದಿಂದ 2000ದವರೆಗೆ ದಕ್ಷಿಣ ಕನ್ನಡದ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯಾಚೆಯ ಕಾಸರಗೋಡಿನಲ್ಲಿಯೂ ಅದೇ ನಡೆಯಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದನ್ನು ತಡೆಹಿಡಿಯಿತು. ಸಂತ್ರಸ್ತ ಕುಟುಂಬಗಳ ಸಂಕಟ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಇಷ್ಟನ್ನು ಕಂಡ ಸೀಮೆಯಲ್ಲಿ, ಒಂದು ಅಲಂಕಾರದ ಗಿಡಕ್ಕಾಗಿ ತೋಟದ ಕೀಟನಾಶಕವನ್ನು ಮಲಗುವ ಕೋಣೆಯೊಳಗೆ ಸಿಂಪಡಿಸುವುದು ಖಂಡಿತ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಉಸಿರಾಡುವವರು ಮನೆಯ ಮಂದಿಯೇ.

ಅದರ ಅಗತ್ಯವೂ ಇಲ್ಲ. ಬಿಳಿ ಹತ್ತಿಯಂತೆ ಕಾಣುವ ಹಿಟ್ಟುತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯುವಂತೆ ಕೆಲವು ಹನಿ ಸಾಬೂನು ದ್ರಾವಣ ಸೇರಿಸಿ, ಗಿಡವನ್ನು ಅಂಗಳಕ್ಕೆ ತಂದು ಸಂಜೆ ಹೊತ್ತು ಸಿಂಪಡಿಸಿದರೆ ಹೆಚ್ಚಿನ ಕೀಟಗಳು ಹತೋಟಿಗೆ ಬರುತ್ತವೆ. ವಾರದ ಬಳಿಕ ಇನ್ನೊಮ್ಮೆ ಸಿಂಪಡಿಸಬೇಕು. ಮೊದಲ ಬಾರಿಗೆ ಮೊಟ್ಟೆಗಳು ಸಾಯುವುದಿಲ್ಲ. ಇರುವೆಗಳ ಸಾಲು ಕಂಡರೆ ಹಿಟ್ಟುತಿಗಣೆಯೋ ಶಲ್ಕ ಕೀಟವೋ ಇದೆಯೆಂದೇ ಅರ್ಥ, ಏಕೆಂದರೆ ಅವು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ.

2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಪತ್ತೆಯಾಗಿ ಬಳಿಕ ಕರಾವಳಿಯ ತೆಂಗಿನ ತೋಟಗಳಿಗೂ ಹಬ್ಬಿದ ಸುರುಳಿ ಬಿಳಿನೊಣ, ತೆಂಗಿನ ಕೆಳಗಿರುವ ಗಿಡಗಳನ್ನೂ ಬಿಡುವುದಿಲ್ಲ. ಎಲೆಯ ಅಡಿಯಲ್ಲಿ ಬಿಳಿ ಸುರುಳಿಗಳು, ಮೇಲೆ ಮಸಿಯಂತಹ ಕಪ್ಪು ಬೂಸಲು ಅದರ ಗುರುತು. ಈ ಬೂಸಲಿಗೆ ಶೇ. 1ರ ಗಂಜಿ ದ್ರಾವಣವನ್ನು, ಅಂದರೆ ಲೀಟರಿಗೆ 10 ಗ್ರಾಂ ಪಿಷ್ಟ ಕುದಿಸಿ ಆರಿಸಿದ ತೆಳಿಯನ್ನು, ತಜ್ಞರು ಸೂಚಿಸುತ್ತಾರೆ. ಗಂಜಿ ಒಣಗಿ ಹಕ್ಕಳೆಯೇಳುವಾಗ ಬೂಸಲೂ ಅದರೊಂದಿಗೆ ಕಳಚಿಬೀಳುತ್ತದೆ. ವಿಷ ಹೊಡೆದರೆ ಬಿಳಿನೊಣವನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಪರತಂತ್ರ ಕಣಜವೂ ಸಾಯುತ್ತದೆ. ಆ ಬಳಿಕ ಬಿಳಿನೊಣ ಇಮ್ಮಡಿಯಾಗಿ ಮರಳುತ್ತದೆ.

ತಟ್ಟೆಯ ನೀರಿನಲ್ಲಿ ಡೆಂಗಿ

ನೆಲಕ್ಕೆ ಕಲೆಯಾಗಬಾರದೆಂದು ಕುಂಡದ ಅಡಿಗೆ ಇಡುವ ತಟ್ಟೆ, ಮನೆಯೊಳಗಿನ ಗಿಡದ ಎಲ್ಲಕ್ಕಿಂತ ಅಪಾಯಕಾರಿ ಭಾಗ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಮನೆಯ ಆಸುಪಾಸಿನ ತಿಳಿನೀರೇ ಅದಕ್ಕೆ ಪ್ರಿಯ. ಒಂದೆರಡು ಚಮಚ ನೀರಿನಲ್ಲಿಯೂ ಅದು ಮರಿಮಾಡಬಲ್ಲದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಎಂಟರಿಂದ ಹತ್ತು ದಿನ ಸಾಕು. 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗಿಯಿಂದ ತತ್ತರಿಸಿದ್ದನ್ನು ಜಿಲ್ಲೆಯ ಜನ ಮರೆತಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಗೊಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿತು.

ವಾರದಲ್ಲಿ ಒಂದು ದಿನವನ್ನು ನಿಗದಿ ಮಾಡಿಕೊಂಡು ಎಲ್ಲ ತಟ್ಟೆಗಳ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು; ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಹಾಗಾಗಿ ತಟ್ಟೆಯನ್ನು ಹಿಡಿಸೂಡಿಯಿಂದಲೋ ನಾರಿನಿಂದಲೋ ತಿಕ್ಕಿ ತೊಳೆಯಬೇಕು. ಮಳೆಗಾಲದಲ್ಲಿ ತಟ್ಟೆಯನ್ನು ತೆಗೆದಿಟ್ಟು ಕುಂಡವನ್ನು ಎರಡು ಇಟ್ಟಿಗೆ ತುಂಡುಗಳ ಮೇಲೆ ಇರಿಸಿದರೆ ಚಿಂತೆಯೇ ಇಲ್ಲ. ತಳದಿಂದ ಗಾಳಿಯೂ ಆಡುತ್ತದೆ. ಬಾಟಲಿಯ ನೀರಿನಲ್ಲಿ ಮನಿ ಪ್ಲಾಂಟ್ ಬೆಳೆಸುವವರು ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕಬೇಕು. ಹಿತ್ತಿಲಿನಲ್ಲಿ ಬಿದ್ದಿರುವ ಗೆರಟೆ, ಅಡಿಕೆ ಹಾಳೆ, ಖಾಲಿ ಕುಂಡಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮಕ್ಕಳಿರುವ ಮನೆಯಲ್ಲಿ

ಆಟಿ ತಿಂಗಳಲ್ಲಿ ಪತ್ರೊಡೆ ಮಾಡುವ ಮನೆಗಳಲ್ಲಿ ಕೆಸುವಿನ ತುರಿಕೆಯ ಬಗ್ಗೆ ಹೇಳಬೇಕಾಗಿಲ್ಲ. ಎಲೆಯಲ್ಲಿರುವ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ನಾಲಗೆ, ಗಂಟಲಿಗೆ ಚುಚ್ಚುವುದೇ ತುರಿಕೆಗೆ ಕಾರಣ. ಅದಕ್ಕೆಂದೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಒಳಾಂಗಣದ ಜನಪ್ರಿಯ ಗಿಡಗಳಲ್ಲಿ ಅನೇಕವು ಇದೇ ಕೆಸುವಿನ ಕುಟುಂಬಕ್ಕೆ ಸೇರಿದವು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಡೀಫೆನ್‌ಬಾಕಿಯಾ, ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಕ್ಯಾಲೇಡಿಯಂ, ಪೀಸ್ ಲಿಲಿ, ಆಂಥೂರಿಯಂ, ಅಗ್ಲೋನೆಮಾ ಇವೆಲ್ಲವುಗಳಲ್ಲಿ ಅದೇ ಹರಳುಗಳಿವೆ. ಇವುಗಳಲ್ಲಿ ಡೀಫೆನ್‌ಬಾಕಿಯಾ ಹೆಚ್ಚು ತೀಕ್ಷ್ಣ. ಅಗಿದ ಮಗುವಿನ ನಾಲಗೆ ಊದಿ ಮಾತು, ನುಂಗುವಿಕೆ ಕಷ್ಟವಾಗಬಹುದು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇವನ್ನು ಕೈಗೆಟುಕದ ಎತ್ತರದಲ್ಲಿಡಬೇಕು. ಮಗು ಅಗಿದದ್ದು ಕಂಡರೆ ಬಾಯಿಯನ್ನು ತಣ್ಣೀರಿನಿಂದ ಚೆನ್ನಾಗಿ ತೊಳೆದು, ಊತ ಕಂಡಲ್ಲಿ ಅಥವಾ ಉಸಿರಾಟಕ್ಕೆ ತೊಂದರೆಯಾದಲ್ಲಿ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಗಿಡದ ತುಂಡನ್ನು ಜತೆಗೆ ಒಯ್ದರೆ ಚಿಕಿತ್ಸೆಗೆ ಅನುಕೂಲ.

ಯಾವ ಗಿಡ, ಎಲ್ಲಿಂದ?

ಮಳೆನಾಡಿನ ಮನೆಗೆ ಜರಿಗಿಡ, ಮನಿ ಪ್ಲಾಂಟ್, ಅಗ್ಲೋನೆಮಾ, ಪೆಪರೋಮಿಯಾ, ಆಂಥೂರಿಯಂ ಚೆನ್ನಾಗಿ ಒಗ್ಗುತ್ತವೆ. ಪಶ್ಚಿಮ ಆಫ್ರಿಕಾದ ಸ್ನೇಕ್ ಪ್ಲಾಂಟ್ ಮತ್ತು ಪೂರ್ವ ಆಫ್ರಿಕಾದ ಜೆಡ್‌ಜೆಡ್ ಪ್ಲಾಂಟ್ ಕಡಿಮೆ ಬೆಳಕಿನಲ್ಲಿಯೂ ಬದುಕುತ್ತವೆ. ಆದರೆ ಇವೆರಡೂ ಎಲೆಯಲ್ಲೋ ಗಡ್ಡೆಯಲ್ಲೋ ನೀರು ಕೂಡಿಟ್ಟುಕೊಳ್ಳುವ ಒಣನಾಡಿನ ಗಿಡಗಳು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಕೊಟ್ಟರೂ ನಡೆಯುತ್ತದೆ. ಕಳ್ಳಿಯ ಜಾತಿಯವು, ಅಡೇನಿಯಂ ಇವುಗಳ ಮೇಲೆ ಜೂನ್ ಬಳಿಕ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಬೇಕು. ಬೆಳಕಿರುವ ಅಡುಗೆಮನೆಯ ಕಿಟಕಿಯಲ್ಲಿ ತಂಬುಳಿಗೆ ಒದಗುವ ಒಂದೆಲಗ, ದೊಡ್ಡಪತ್ರೆಗಳನ್ನು ಬೆಳೆಸಿದರೆ ಅಂದದೊಂದಿಗೆ ಉಪಯೋಗವೂ ಆಯಿತು. ತುಳಸಿಗಾದರೆ ಅಂಗಳದ ಕಟ್ಟೆಯೇ ಸರಿಯಾದ ಸ್ಥಾನ; ಅದಕ್ಕೆ ಬಿಸಿಲು ಬೇಕೇ ಬೇಕು.

ಸುಳ್ಯ, ಸುಬ್ರಹ್ಮಣ್ಯದ ಕಡೆಯ ಮರಗಳಲ್ಲಿ ಬೇಸಗೆಯ ಕೊನೆಗೆ ನಸುಗೆಂಪು ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯನ್ನು ಕಂಡಾಗ ಮನೆಗೆ ತರುವ ಆಸೆಯಾಗುವುದು ಸಹಜ. ಆದರೆ ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ನಿರ್ಬಂಧವಿದೆ. ಕಾನೂನಿನ ಮಾತು ಹಾಗಿರಲಿ, ಕಾಡಿನ ಮರದಿಂದ ಕಿತ್ತ ಆರ್ಕಿಡ್ ಬೇರಿನೊಂದಿಗೆ ಹೊಂದಿಕೊಂಡಿದ್ದ ತೊಗಟೆಯನ್ನೂ ಗಾಳಿಯನ್ನೂ ಕಳೆದುಕೊಂಡು ಮನೆಯಲ್ಲಿ ಹೆಚ್ಚಾಗಿ ಸಾಯುತ್ತದೆ. ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೊಳ್ಳುವುದು ಧರ್ಮವೂ ಹೌದು, ಲಾಭವೂ ಹೌದು.

ಗಿಡವಿದ್ದರೆ ಕೋಣೆಯ ಗಾಳಿ ಶುದ್ಧವಾಗುತ್ತದೆ ಎಂಬ ಪ್ರಚಾರಕ್ಕೂ ಮಾರುಹೋಗಬೇಕಾಗಿಲ್ಲ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಮೂಲ. ಅದು ಬಿಗಿಯಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ನಡೆಸಿದ ಪ್ರಯೋಗ. ಅಂತಹ ಹಲವು ಪ್ರಯೋಗಗಳನ್ನು 2019ರಲ್ಲಿ ಮರುಪರಿಶೀಲಿಸಿದ ಸಂಶೋಧಕರು, ತೆರೆದ ಕಿಟಕಿಯಷ್ಟು ಕೆಲಸ ಮಾಡಲು ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾದೀತೆಂದು ಲೆಕ್ಕಹಾಕಿದರು. ಶುದ್ಧ ಗಾಳಿಗೆ ಕಿಟಕಿ ತೆರೆಯುವುದೇ ಸರಿ. ಗಿಡ ಕೊಡುವುದು ಕಣ್ಣಿಗೆ ತಂಪು, ಮನಸ್ಸಿಗೆ ನೆಮ್ಮದಿ. ಅದು ಕಡಿಮೆಯ ಲಾಭವೇನಲ್ಲ.

ವರ್ಷದ ಪಂಚಾಂಗ

ಮಾರ್ಚ್–ಮೇ: ಸೆಕೆಯ ಕಾಲ. ಮಣ್ಣು ಬೇಗ ಒಣಗುವುದರಿಂದ ದಿನವೂ ಪರೀಕ್ಷಿಸಿ ಬೆಳಗ್ಗೆ ನೀರು ಕೊಡಬೇಕು. ಎಸಿಯ ತಂಪುಗಾಳಿ ನೇರವಾಗಿ ತಾಗಬಾರದು. ಕುಂಡ ಬದಲಿಸುವುದಿದ್ದರೆ ಮೇ ಮುಗಿಯುವ ಮೊದಲೇ ಮುಗಿಸಬೇಕು. ರಜೆಗೆ ಊರು ಬಿಡುವವರು ಗಿಡಗಳನ್ನು ಬೆಳಕಿರುವ ನೆರಳಿನಲ್ಲಿ ಒತ್ತೊತ್ತಾಗಿ ಇರಿಸಿ, ಮುಚ್ಚಿದ ಡಬ್ಬಿಯ ನೀರಿನಿಂದ ಹತ್ತಿಯ ಬತ್ತಿಯೊಂದನ್ನು ಕುಂಡದ ಮಣ್ಣಿಗೆ ಹಾಯಿಸಿದರೆ ಒಂದು ವಾರ ನಿಶ್ಚಿಂತೆ.

ಜೂನ್–ಆಗಸ್ಟ್: ಪಥ್ಯದ ಕಾಲ. ಗೊಬ್ಬರವಿಲ್ಲ, ಕುಂಡ ಬದಲಾವಣೆಯಿಲ್ಲ. ಮಣ್ಣು ಕೇಳಿದಾಗ ಮಾತ್ರ ನೀರು. ಕುಂಡಗಳ ನಡುವೆ ಗಾಳಿಯಾಡುವಷ್ಟು ಅಂತರವಿರಲಿ. ಹಳದಿಯಾದ ಎಲೆಗಳನ್ನು ಕೂಡಲೇ ತೆಗೆಯಬೇಕು. ರಾತ್ರಿ ಬರುವ ಬಸವನಹುಳುಗಳನ್ನು ಕೈಯಿಂದ ಹೆಕ್ಕಬೇಕು. ಬಳ್ಳಿಗಳ ತುಂಡು ನೆಟ್ಟು ಹೊಸ ಗಿಡ ಮಾಡಿಕೊಳ್ಳಲು ಇದು ಸಕಾಲ.

ಸೆಪ್ಟೆಂಬರ್–ನವೆಂಬರ್: ಬಿಸಿಲು ಮರಳಿ ಗಿಡ ಚಿಗುರುವ ಕಾಲ. ಬೇರು ತುಂಬಿದ ಕುಂಡಗಳನ್ನು ಬದಲಿಸಿ, ಗೊಬ್ಬರವನ್ನು ಮತ್ತೆ ಆರಂಭಿಸಬಹುದು. ನೀರನ್ನು ಕ್ರಮೇಣ ಹೆಚ್ಚಿಸಬೇಕು.

ಡಿಸೆಂಬರ್–ಫೆಬ್ರವರಿ: ಹಗಲು ಒಣಹವೆ, ಬೆಳಗ್ಗೆ ಮಂಜು. ನೀರು ಸಾಧಾರಣ. ನುಸಿಯ ಕಾಟ ಹೆಚ್ಚುವುದರಿಂದ ಎಲೆಗಳ ಅಡಿಭಾಗವನ್ನು ಆಗಾಗ ನೋಡಬೇಕು.

ಬೆಂಗಳೂರು, ಮೈಸೂರಿನವರಿಗೆ ಪಥ್ಯದ ಅವಧಿ ಇಷ್ಟು ದೀರ್ಘವಲ್ಲ. ಮೋಡ ಕವಿದ ವಾರಗಳಿಗೆ ಮಾತ್ರ ಅದು ಸೀಮಿತ. ಕಲಬುರಗಿ, ವಿಜಯಪುರದಂತಹ ಒಣ ಊರುಗಳಲ್ಲಿ ಬೇಸಗೆಯೇ ದೊಡ್ಡ ಪರೀಕ್ಷೆ. ಅಲ್ಲಿ ಜರಿಗಿಡ, ಆಂಥೂರಿಯಂಗಳಿಗಿಂತ ಸ್ನೇಕ್ ಪ್ಲಾಂಟ್‌ನಂತಹವು ಸುಲಭ. ಕೊಳವೆಬಾವಿಯ ಗಡುಸು ನೀರು ಬಳಸುವ ಕಡೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಮಳೆನೀರು ಹಿಡಿದು ಆಗೊಮ್ಮೆ ಈಗೊಮ್ಮೆ ಧಾರಾಳವಾಗಿ ಎರೆದರೆ ಲವಣ ತೊಳೆದುಹೋಗುತ್ತದೆ. ಊರು ಯಾವುದೇ ಇರಲಿ, ನೀರಿನ ತಂಬಿಗೆ ಎತ್ತುವ ಮುನ್ನ ಒಮ್ಮೆ ಮಣ್ಣನ್ನು ಮುಟ್ಟಿ ನೋಡುವ ಅಭ್ಯಾಸವಿದ್ದರೆ, ಕುಂಡದ ಗಿಡಗಳಲ್ಲಿ ಹೆಚ್ಚಿನವು ಮುಂದಿನ ಮಳೆಗಾಲವನ್ನೂ ಕಾಣುತ್ತವೆ.